ನೈಟ್ ಹಾಲ್ಟ್ ಬಸ್ಸಿನ ಕಿರುಚಿತ್ರ ಜನರನ್ನು ತಲುಪಿದ್ದು ಹೀಗೆ

ಕಿರುಚಿತ್ರಕ್ಕೆ ಶುಕ್ರವಾರದ ರಿಲೀಸ್ ಇರುವುದಿಲ್ಲ, ಕಟೌಟ್ ಇರುವುದಿಲ್ಲ. ಯಾರೋ ಒಬ್ಬರು ಇನ್ನೊಬ್ಬರಿಗೆ ‘ಇದನ್ನ ನೋಡು’ ಅಂದರೇನೇ ಅದಕ್ಕೆ ಜನ. ನಮ್ಮದು ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡುವ ಸರ್ಕಾರಿ ಬಸ್ಸಿನ ಕಂಡಕ್ಟರ್ ಒಬ್ಬರ ಕಥೆ. ಹದಿನೈದು ನಿಮಿಷದ್ದು.

ಮೊದಲು ಫೆಸ್ಟಿವಲ್‌ಗಳ ಸುತ್ತು ಮುಗಿಸಿದೆವು. ಆನ್‌ಲೈನ್‌ನಲ್ಲಿ ಆಗಲೇ ಬಂದುಬಿಟ್ಟ ಚಿತ್ರವನ್ನು ಕೆಲವು ಫೆಸ್ಟಿವಲ್‌ಗಳು ತೆಗೆದುಕೊಳ್ಳುವುದಿಲ್ಲ. ಆಮೇಲೆ ಯೂಟ್ಯೂಬ್.

ಹೆಸರಾಂತ ನಟರೊಬ್ಬರು ಲಿಂಕ್ ಹಂಚಿಕೊಂಡರು. ವೀಕ್ಷಣೆ ಒಮ್ಮೆಲೇ ಏರಿತು. ಆದರೆ ನೋಡುಗರು ಚಿತ್ರದ ಎಲ್ಲಿವರೆಗೆ ಉಳಿದರು ಎಂದು ತೋರಿಸುವ ಯೂಟ್ಯೂಬ್ ಸ್ಟುಡಿಯೋದ ರಿಟೆನ್ಷನ್ ಗ್ರಾಫ್ ಬೇರೆಯದನ್ನೇ ಹೇಳುತ್ತಿತ್ತು. ಚಿತ್ರದಲ್ಲಿ ಬಸ್ಸು ಹಳ್ಳಿ ಮುಟ್ಟುವ ಮೊದಲೇ ಹೆಚ್ಚಿನವರು ಹೊರಟುಹೋಗಿದ್ದರು. ಅವರು ಬಂದದ್ದು ನಟರ ಮೇಲಿನ ಪ್ರೀತಿಗೆ. ಹಾಗಂತ ಆ ಪೋಸ್ಟ್ ವ್ಯರ್ಥವಾಗಲಿಲ್ಲ. ಅದನ್ನು ನೋಡಿದ ಮೇಲೆ ಪತ್ರಿಕೆಯವರು ನಮ್ಮ ಮೆಸೇಜಿಗೆ ಉತ್ತರ ಕೊಡತೊಡಗಿದರು.

ಕೊನೆಯವರೆಗೂ ಕೂತು ನೋಡಿದ್ದು ಕಂಡಕ್ಟರ್, ಡ್ರೈವರ್‌ಗಳ ಮನೆಗಳು. ಶೂಟಿಂಗ್‌ಗೆ ಮುಂಚೆ ನಾನು ಮಾತಾಡಿಸಿದ್ದ ಹಿರಿಯ ಕಂಡಕ್ಟರ್ ಒಬ್ಬರು ಡಿಪೋದ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿ ಬರೆದರು: “ವೇ ಬಿಲ್ ಬರೆದು ಬಸ್ಸಲ್ಲೇ ಮಲಗೋ ನಮ್ಮ ಕಥೆ ಇದು. ಮನೆಯವರಿಗೆ ತೋರ್ಸಿ.” (ವೇ ಬಿಲ್ ಅಂದರೆ ಕಂಡಕ್ಟರ್ ಬರೆಯುವ ಟಿಕೆಟ್ ಲೆಕ್ಕದ ಹಾಳೆ.) ಆ ಎರಡು ಸಾಲು ಓದಿ ನನಗೆ ಕಣ್ಣು ತುಂಬಿತು. ಅಲ್ಲಿಂದ ಚಿತ್ರ ಡಿಪೋದಿಂದ ಡಿಪೋಗೆ ಹೋಯಿತು. ‘ನಮ್ಮಪ್ಪ ರಾತ್ರಿ ಎಲ್ಲಿ ಮಲಗ್ತಾರೆ ಅಂತ ಇವತ್ತೇ ಗೊತ್ತಾಗಿದ್ದು’ ಎಂದು ಮಕ್ಕಳು ಕಾಮೆಂಟ್ ಹಾಕಿದರು.

ಇಲ್ಲಿ ಒಂದು ತಾಂತ್ರಿಕ ವಿಷಯವೂ ಇದೆ. ವಾಟ್ಸಾಪ್ 2018ರಲ್ಲೇ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಿಂತ ಜಾಸ್ತಿ ಕಡೆ ಫಾರ್ವರ್ಡ್ ಮಾಡದಂತೆ ಮಾಡಿತು. ಹಲವು ಕೈ ದಾಟಿ ಬಂದ ಮೆಸೇಜನ್ನು 2020ರಿಂದ ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಅಂಥದ್ದನ್ನು ಜನ ತೆರೆಯುವುದೂ ಕಡಿಮೆ, ಅಲ್ವಾ? ಅದಕ್ಕೇ ನಾವು ಫಾರ್ವರ್ಡ್ ಮಾಡಿ ಎಂದು ಯಾರನ್ನೂ ಕೇಳಲಿಲ್ಲ. ಲಿಂಕ್ ಕಾಪಿ ಮಾಡಿ, ನಿಮಗೆ ಅನಿಸಿದ್ದನ್ನು ನಿಮ್ಮ ಮಾತಲ್ಲೇ ಬರೆದು ಕಳಿಸಿ ಎಂದೆವು.

ಗಣ್ಯರಿಗೆ ಬರೆಯುವಾಗಲೂ ‘ಶೇರ್ ಮಾಡಿ’ ಅನ್ನಲಿಲ್ಲ. ಚಿತ್ರ ಎಷ್ಟು ನಿಮಿಷ, ಅವರಿಗೇ ಏಕೆ ಕಳಿಸುತ್ತಿದ್ದೇವೆ, ಇಷ್ಟೇ ಬರೆದೆವು. ಒಬ್ಬ ಕಥೆಗಾರ್ತಿ ಫೇಸ್‌ಬುಕ್‌ನಲ್ಲಿ ಒಂದೇ ದೃಶ್ಯದ ಬಗ್ಗೆ ಬರೆದರು: ಹಳ್ಳಿಯ ಅಜ್ಜಿ ಕಂಡಕ್ಟರ್‌ಗೆ ಬಿಸಿನೀರು ತಂದುಕೊಡುವುದು. ಅವರನ್ನು ಓದಿ ಬಂದವರು ಆ ದೃಶ್ಯಕ್ಕಾಗಿ ಕಾದರು, ಪೂರ್ತಿ ನೋಡಿದರು. ‘ಸೂಪರ್’ ಎಂಬ ಹೊಗಳಿಕೆಗಿಂತ ಇಂಥ ಬರಹ ನನಗೆ ಸಾವಿರ ಪಾಲು ದೊಡ್ಡದು.

ಕನ್ನಡಿಗರಿಗೆ ಇದು ಹೊಸದೇನಲ್ಲ. 2011ರಲ್ಲಿ ನಿರ್ದೇಶಕ ಪವನ್ ಕುಮಾರ್ ಬ್ಲಾಗಿನಲ್ಲಿ ಬರೆದದ್ದನ್ನು ಓದಿ ಜನ ‘ಲೂಸಿಯಾ’ ಸಿನಿಮಾಗೆ ತಮ್ಮ ದುಡ್ಡನ್ನೇ ಹಾಕಿದ್ದರು.

ಈಗ ತಮಿಳು ಸಬ್‌ಟೈಟಲ್ ಮಾಡಿಸುತ್ತಿದ್ದೇವೆ. ಸೇಲಂ ಕಡೆಯ ಬಸ್ ಡ್ರೈವರ್ ಒಬ್ಬರು ತಮ್ಮ ಗ್ರೂಪಿಗೆ ಬೇಕು ಎಂದು ಕೇಳಿದ್ದಾರೆ.