ಊರಿನಿಂದ ಬರುವವರಿಗೆ ಫೋರ್ಟಿನಲ್ಲಿ ರೂಮು ಹಿಡಿಯುವಾಗ

ಮುಂಬೈಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ಜನ ನೆಂಟರನ್ನು ಮೂರು ರಾತ್ರಿ ಮಲಗಿಸುವುದು ಎಷ್ಟು ಕಷ್ಟವೆಂದು ಇಲ್ಲಿರುವ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಹೈಕೋರ್ಟಿನ ಕೆಲಸಕ್ಕೋ, ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಮದುವೆ ಬಟ್ಟೆ ತೆಗೆಯುವುದಕ್ಕೋ, ಗೇಟ್‌ವೇ ನೋಡುವುದಕ್ಕೋ ಬಂದ ಹಿರಿಯರನ್ನು ಡೊಂಬಿವಲಿಯಿಂದ, ಮೀರಾರೋಡಿನಿಂದ ದಿನಾ ಲೋಕಲ್ಲಿನಲ್ಲಿ ಕರೆದೊಯ್ಯುವ ಬದಲು ದಕ್ಷಿಣ ಮುಂಬೈಯ ಫೋರ್ಟ್, ಚರ್ಚ್‌ಗೇಟ್, ಕೊಲಾಬಾ ಕಡೆಯ ಮಧ್ಯಮ ದರದ ಹೋಟೆಲಿನಲ್ಲಿ ಇಳಿಸುವುದು ಮೇಲು. ಅಲ್ಲಿದ್ದರೆ ಲೋಕಲ್ಲಿನ ಲೆಕ್ಕವೂ ತಿರುಗುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನರೆಲ್ಲ ವಿಟಿ (ಈಗಿನ ಸಿಎಸ್‌ಎಂಟಿ), ಚರ್ಚ್‌ಗೇಟಿನತ್ತ ಬರುತ್ತಿರುತ್ತಾರೆ. ಅದೇ ಹೊತ್ತಿಗೆ ಅಲ್ಲಿಂದ ಹೊರಡುವ ಗಾಡಿಯಲ್ಲಿ ಕೂತೇ ಹೋಗಬಹುದು. ಸಂಜೆ ವಾಪಸು ಬರುವಾಗಲೂ ಹಾಗೆಯೇ.

ಆದರೆ ಎಲ್ಲ ಕೆಲಸಕ್ಕೂ ಫೋರ್ಟು ಸರಿಯಲ್ಲ. ಟಾಟಾ ಮೆಮೋರಿಯಲ್ ಅಥವಾ ಕೆಇಎಂ ಆಸ್ಪತ್ರೆಗೆ ಬರುವವರನ್ನು ದಾದರ್-ಪರೇಲ್ ಆಸುಪಾಸಿನಲ್ಲೇ ಇಳಿಸಿ. ರೋಗಿ ಜೊತೆಗಿರುವಾಗ ದಿನಕ್ಕೆ ಎರಡು ಸಲ ಟ್ಯಾಕ್ಸಿಯಲ್ಲಿ ಓಡಾಡುವುದು ಹಣಕ್ಕಿಂತ ಹೆಚ್ಚಾಗಿ ಮೈಗೆ ಭಾರ. ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಅಮೆರಿಕ ಕಾನ್ಸುಲೇಟಿಗೆ ಹೋಗುವವರು ಫೋರ್ಟಿನಲ್ಲಿ ಇಳಿದರೂ ನಡೆಯುತ್ತದೆ, ಸಿಎಸ್‌ಎಂಟಿಯಿಂದ ಬಿಕೆಸಿಗೆ ಮೆಟ್ರೊ 3 ನೇರವಾಗಿದೆ. ಬಟ್ಟೆ ವ್ಯಾಪಾರವೇ ಮುಖ್ಯವಾದರೆ ಕಾಲ್ಬಾದೇವಿ ಹತ್ತಿರ ಮತ್ತು ಅಗ್ಗ, ಆದರೆ ಗಲ್ಲಿಗಳಲ್ಲಿ ಟ್ಯಾಕ್ಸಿ ಬಾಗಿಲವರೆಗೆ ಬರುವುದಿಲ್ಲ. ಕೊಲಾಬಾದಲ್ಲಿ ರಾತ್ರಿ ತಡವಾದರೂ ಊಟ ಸಿಗುತ್ತದೆ. ಅಷ್ಟೇ ದೊಡ್ಡ ರೂಮಿಗೆ ಫೋರ್ಟಿಗಿಂತ ಹೆಚ್ಚು ಕೊಡಬೇಕು.

ಈಗ ರೂಮಿನ ವಿಷಯ. ಆ್ಯಪಿನಲ್ಲಿ ಹೋಟೆಲಿನ ಹೆಸರು, ನಕ್ಷತ್ರ, ಫೋಟೊ ನೋಡಿ ಬುಕ್ ಮಾಡಿದವರು ಮೋಸಹೋಗುವುದು ಒಂದೇ ಕಡೆ: ಕಿಟಕಿ. ಫೋರ್ಟಿನ ಬಹುಪಾಲು ಮಧ್ಯಮ ದರದ ಹೋಟೆಲುಗಳು ಹಳೆಯ ಕಟ್ಟಡದ ಒಂದೆರಡು ಮಹಡಿಗಳಲ್ಲಿವೆ. ಕಟ್ಟಡದ ಮುಂಭಾಗ ಕಿರಿದು, ಒಳಗೆ ಉದ್ದ. ಅಂಥ ಜಾಗವನ್ನು ಗೋಡೆ ಹಾಕಿ ರೂಮು ಮಾಡಿದಾಗ ಮುಂದಿನ ನಾಲ್ಕಾರು ರೂಮುಗಳಿಗೆ ಮಾತ್ರ ರಸ್ತೆಯ ಕಿಟಕಿ. ಮಧ್ಯದವಕ್ಕೆ ಸಿಗುವುದು ಡಕ್ಟು, ಅಂದರೆ ಕಟ್ಟಡದ ಒಳಗಿನ ಬಾವಿಯಂಥ ಸಂದು. ಬಚ್ಚಲ ಪೈಪು, ಎಸಿಯ ಹೊರಗಿನ ಪೆಟ್ಟಿಗೆ, ಅಡುಗೆಮನೆಯ ಹೊಗೆ ಎಲ್ಲ ಅಲ್ಲಿಗೇ ಬರುತ್ತವೆ. ಬೇಸಿಗೆಯಲ್ಲಿ ಹೇಗೋ ತಡೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಆ ರೂಮಿನ ಮುಗ್ಗಲು ವಾಸನೆ ಹೋಗುವುದೇ ಇಲ್ಲ, ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಕಿಟಕಿಯೇ ಇಲ್ಲದ ರೂಮುಗಳೂ ಇವೆ. ಪರದೆ ಸರಿಸಿದರೆ ಗೋಡೆ.

ರಸ್ತೆ ಕಡೆಯ ಕಿಟಕಿ ಸಿಕ್ಕಿದರೆ ಮುಗಿಯಿತೆಂದಲ್ಲ. ಡಿ.ಎನ್. ರೋಡಿನ ಮೇಲಿನ ರೂಮಿಗೆ ಬೆಳಿಗ್ಗೆಯಿಂದಲೇ ಬಸ್ಸು, ಹಾರ್ನಿನ ಸದ್ದು. ಬಂದರಿನ ಪಕ್ಕದ ಪಿ. ಡಿಮೆಲ್ಲೊ ರೋಡಿನಲ್ಲಿ ರಾತ್ರಿ ಲಾರಿಗಳ ಓಡಾಟ. ಎಲ್ಲಕ್ಕಿಂತ ಒಳ್ಳೆಯದು ಅಡ್ಡಗಲ್ಲಿಗೆ ತೆರೆಯುವ, ಮೂರನೆಯ ಮಹಡಿಗೆ ಮೇಲಿನ ರೂಮು. ಫೋರ್ಟಿನ ಗಲ್ಲಿಗಳು ಆಫೀಸು ಬಿಟ್ಟ ಮೇಲೆ, ರಾತ್ರಿ ಎಂಟರ ಹೊತ್ತಿಗೆ, ಖಾಲಿಯಾಗುತ್ತವೆ. ಭಾನುವಾರವಂತೂ ಇಡೀ ದಿನ ಶಾಂತ.

ಆದ್ದರಿಂದ ಆ್ಯಪಿನಲ್ಲಿ ಎರಡು-ಮೂರು ಹೋಟೆಲು ಆರಿಸಿಕೊಂಡು, ದುಡ್ಡು ಕಟ್ಟುವ ಮೊದಲು ನೇರವಾಗಿ ಫೋನು ಮಾಡಿ. ಮಧ್ಯಾಹ್ನ ಮೂರರಿಂದ ಐದರ ನಡುವೆ ಒಳ್ಳೆಯ ಹೊತ್ತು, ಚೆಕ್‌ಔಟ್ ಗಲಾಟೆ ಮುಗಿದಿರುತ್ತದೆ, ಸಂಜೆಯವರು ಇನ್ನೂ ಬಂದಿರುವುದಿಲ್ಲ. ಮ್ಯಾನೇಜರನ್ನೇ ಕೇಳಿ. ನಮ್ಮ ಕರಾವಳಿಯವರು ನಡೆಸುವ ಹೋಟೆಲುಗಳು ಮುಂಬೈಯಲ್ಲಿ ಬಹಳ, ಆಚೆಯಿಂದ ತುಳುವೋ ಕನ್ನಡವೋ ಬಂದರೆ ಆಶ್ಚರ್ಯವಿಲ್ಲ. ಭಾಷೆ ಸಿಕ್ಕಿತೆಂದು ರೇಟು ಇಳಿಯುತ್ತದೆ ಎಂದು ನಂಬಬೇಡಿ. ಆದರೆ "ಅಪ್ಪನಿಗೆ ಉಸಿರಾಟದ ತೊಂದರೆ ಇದೆ, ಡಕ್ಟಿನ ರೂಮು ಬೇಡ" ಎಂದು ಬಿಡಿಸಿ ಹೇಳಿದರೆ ನಿಜವಾದ ಉತ್ತರ ಸಿಗುವ ಸಂಭವ ಹೆಚ್ಚು. ಕೇಳಬೇಕಾದ್ದು ಇಷ್ಟು:

– ಕಿಟಕಿ ರಸ್ತೆಗೋ, ಗಲ್ಲಿಗೋ, ಡಕ್ಟಿಗೋ? ರೂಮಿನ ನಂಬರು ಹೇಳುತ್ತೀರಾ?
– ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು?
– ಬಿಸಿನೀರು ದಿನವಿಡೀ ಬರುತ್ತದೋ, ಬೆಳಿಗ್ಗೆ ಮಾತ್ರವೋ?
– ಎಕ್ಸ್ಟ್ರಾ ಬೆಡ್ ಅಂದರೆ ಮಂಚವೋ, ನೆಲಕ್ಕೆ ಹಾಸುವ ಗಾದಿಯೋ?
– ಚೆಕ್‌ಇನ್, ಚೆಕ್‌ಔಟ್ ಎಷ್ಟು ಹೊತ್ತಿಗೆ?

ಮೆಟ್ಟಿಲಿನ ಪ್ರಶ್ನೆಯನ್ನು ಬಿಡಬೇಡಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟು ಅರ್ಧ ಮಹಡಿ ಹತ್ತಿದ ಮೇಲೆ ಶುರುವಾಗುವುದುಂಟು. ಮೂರು ಜನ ನಿಂತರೆ ತುಂಬುವ, ಜಾಲರಿ ಬಾಗಿಲಿನ ಲಿಫ್ಟಿನಲ್ಲಿ ಸೂಟ್‌ಕೇಸು ಇನ್ನೊಂದು ಸುತ್ತಿನಲ್ಲಿ ಹೋಗಬೇಕು. ಮಂಡಿನೋವಿನ ಅಮ್ಮನಿಗೆ ಹದಿನೈದು ಮೆಟ್ಟಿಲು ದಿನಕ್ಕೆ ನಾಲ್ಕು ಸಲವಾದರೆ ಅರವತ್ತು. "ಡಿಲಕ್ಸ್" ಎಂಬ ಮಾತಿಗೂ ಮರುಳಾಗಬೇಡಿ, ಎಷ್ಟೋ ಕಡೆ ಅದೇ ಅತಿ ಚಿಕ್ಕ ರೂಮಿನ ಹೆಸರು. ಒಪ್ಪಿಕೊಂಡ ಮೇಲೆ ರೂಮಿನ ನಂಬರು, ದರ, ತೆರಿಗೆ ಸೇರಿದೆಯೋ ಇಲ್ಲವೋ, ತಿಂಡಿ ಎಷ್ಟು ಜನಕ್ಕೆ, ಇದಿಷ್ಟನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಸಂಜೆಯ ಪಾಳಿಯವನಿಗೆ ಮಧ್ಯಾಹ್ನದವನ ಮಾತು ಗೊತ್ತಿರುವುದಿಲ್ಲ, ಬರಹವಿದ್ದರೆ ಅದು ನಿಲ್ಲುತ್ತದೆ.

ತೆರಿಗೆಯಲ್ಲಿ ಒಂದು ಗೆರೆ ನೆನಪಿಡಿ: 7,500 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕೆ ಮೀರಿದರೆ ಶೇ. 18. ಹಾಗಾಗಿ 7,400ರ ರೂಮು ಕೈಗೆ 7,770ಕ್ಕೆ ಬಿದ್ದರೆ, 7,600ರದು 8,968ಕ್ಕೆ ಬೀಳುತ್ತದೆ. ಇನ್ನೂರು ರೂಪಾಯಿಯ ವ್ಯತ್ಯಾಸ ಸುಮಾರು ಹನ್ನೆರಡು ನೂರಾಗುತ್ತದೆ. ಗೆರೆಯ ಹತ್ತಿರದ ದರ ಬಂದಾಗ ಕೆಳಗಿಳಿಸಲು ಕೇಳುವುದರಲ್ಲಿ ಅರ್ಥವಿದೆ. ಹುಬ್ಬಳ್ಳಿ, ದಾವಣಗೆರೆಯಿಂದ ವ್ಯಾಪಾರಕ್ಕೆ ಬರುವವರಿಗೆ ಇನ್ನೊಂದು ಮಾತು: ಮುಂಬೈ ಹೋಟೆಲಿನ ಬಿಲ್ಲಿನಲ್ಲಿ ಮಹಾರಾಷ್ಟ್ರದ ಎಸ್‌ಜಿಎಸ್‌ಟಿ (ಜಿಎಸ್‌ಟಿಯಲ್ಲಿ ರಾಜ್ಯದ ಪಾಲು) ಬೀಳುತ್ತದೆ, ಕರ್ನಾಟಕದ ನೋಂದಣಿಯಲ್ಲಿ ಅದರ ಕ್ರೆಡಿಟ್ ತೆಗೆದುಕೊಳ್ಳಲು, ಅಂದರೆ ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಲು, ಬರುವುದಿಲ್ಲ. ಅದನ್ನು ಖರ್ಚೆಂದೇ ಲೆಕ್ಕ ಹಾಕಿ.

ಬುಕಿಂಗ್ ಯಾರ ಹೆಸರಿನಲ್ಲಿ? ಇಳಿಯುವವರ ಹೆಸರಿನಲ್ಲೇ ಇರಲಿ. ದುಡ್ಡು ಕಟ್ಟಿದ ಮಗ ತನ್ನ ಹೆಸರು ಹಾಕಿ, ಚೆಕ್‌ಇನ್ ಹೊತ್ತಿಗೆ ಮುಂಬೈ ಪಕ್ಕದ ಥಾಣೆಯ ವಿಳಾಸದ ಆಧಾರ್ ತೋರಿಸಿದರೆ "ಲೋಕಲ್ ಐಡಿ ನಡೆಯುವುದಿಲ್ಲ" ಎಂದು ವಾಪಸು ಕಳಿಸುವ ಹೋಟೆಲುಗಳು ಇಲ್ಲಿ ಇವೆ. ಅದು ಆಯಾ ಹೋಟೆಲಿನ ಸ್ವಂತ ನಿಯಮ, ರಾತ್ರಿ ಹನ್ನೊಂದಕ್ಕೆ ವಾದಿಸಿ ಗೆಲ್ಲುವುದು ಕಷ್ಟ. ನೀವೂ ಒಂದು ರಾತ್ರಿ ಜೊತೆಗೆ ಉಳಿಯುವುದಿದ್ದರೆ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಉಳಿಯುವ ದೊಡ್ಡವರೆಲ್ಲರ ಗುರುತಿನ ಚೀಟಿಯೂ ಬೇಕು, ಒಬ್ಬರದು ಸಾಲದು. ಪಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲವಾದ್ದರಿಂದ ಅದು ನಡೆಯುವುದಿಲ್ಲ. ಆಧಾರಿನ ಝೆರಾಕ್ಸ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಬಂದಿಳಿಯುವ ದಿನದ ತೊಡಕು ಹೊತ್ತಿನದು. ಮಂಗಳೂರಿನ ಮತ್ಸ್ಯಗಂಧ ರೈಲು ಎಲ್‌ಟಿಟಿಗೆ (ಲೋಕಮಾನ್ಯ ತಿಲಕ್ ಟರ್ಮಿನಸ್) ಬೆಳಗಿನ ಜಾವಕ್ಕೆ ಬಂದುಬಿಡುತ್ತದೆ, ರೂಮು ಸಿಗುವುದು ಹನ್ನೆರಡಕ್ಕೋ ಎರಡಕ್ಕೋ. ಹಿಂದಿನ ಸಂಜೆ ಫೋನು ಮಾಡಿ ಆ ರಾತ್ರಿ ರೂಮು ಖಾಲಿ ಇದೆಯೇ ಕೇಳಿ. ಇದ್ದರೆ ಒಂದಿಷ್ಟು ಹೆಚ್ಚು ಕೊಟ್ಟು ಬೇಗ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಚೀಲವನ್ನು ರಿಸೆಪ್ಷನ್ನಿನಲ್ಲಿಟ್ಟು ಮುಖ ತೊಳೆಯಲು ಬಚ್ಚಲು ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿಡುವುದಾದರೆ ಪ್ರತಿ ಚೀಲಕ್ಕೂ ಬೀಗ ಬೇಕು, ರೈಲು ಟಿಕೆಟ್ ತೋರಿಸಬೇಕು.

ಎಲ್‌ಟಿಟಿಯಿಂದ ಫೋರ್ಟಿಗೆ ಆಟೊ ಹೋಗುವುದಿಲ್ಲ. ಆಟೊಗಳ ಎಲ್ಲೆ ಸಯನ್ ಮತ್ತು ಮಾಹಿಮ್‌ನಲ್ಲೇ ಮುಗಿಯುತ್ತದೆ, ಆಚೆಗೆ ಟ್ಯಾಕ್ಸಿ ಮಾತ್ರ. ಸಾಮಾನು ಕಡಿಮೆಯಿದ್ದು ಏಳೂವರೆಯೊಳಗೆ ಇಳಿದರೆ, ನಡೆದುಹೋಗುವಷ್ಟು ಹತ್ತಿರ ಲೋಕಲ್ಲಿನ ಹಾರ್ಬರ್ ಲೈನಿನ ತಿಲಕ್ ನಗರ ಸ್ಟೇಷನ್ ಇದೆ, ಅಲ್ಲಿಂದ ಸಿಎಸ್‌ಎಂಟಿಗೆ ನೇರ ಗಾಡಿ. ಎಂಟರ ಮೇಲೆ ಸೂಟ್‌ಕೇಸು ಹಿಡಿದು ಆ ಗಾಡಿ ಹತ್ತುವ ಸಾಹಸ ಬೇಡ. ಶರಾವತಿ, ಚಾಲುಕ್ಯ ರೈಲುಗಳವರು ಇಳಿಯುವುದು ದಾದರ್‌ನಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೇ ಬರುತ್ತದೆ, ಫೋರ್ಟಿನ ಎಷ್ಟೋ ಹೋಟೆಲಿಗೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಕಾಳಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯ ಕನಿಷ್ಠ ದರ 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಶೇ. 25 ಹೆಚ್ಚು. ಮೀಟರ್ ಹಾಕಿಸಿಯೇ ಹತ್ತಿ. ವಿಮಾನದಲ್ಲಿ ಬರುವವರಿಗೆ ಮುಂಬೈ ವಿಮಾನ ನಿಲ್ದಾಣದ ಟರ್ಮಿನಲ್‌ಗಳಾದ ಟಿ1, ಟಿ2 ಎರಡರಲ್ಲೂ ಮೆಟ್ರೊ 3ರ ಸ್ಟೇಷನ್ ಇದೆ. 2025ರ ಅಕ್ಟೋಬರಿನಿಂದ ಅದು ಕಫ್ ಪರೇಡ್‌ವರೆಗೂ ಓಡುತ್ತಿದೆ. ಹೋಟೆಲು ಎಲ್ಲಿದೆ ನೋಡಿಕೊಂಡು ಸಿಎಸ್‌ಎಂಟಿ, ಹುತಾತ್ಮ ಚೌಕ್, ಚರ್ಚ್‌ಗೇಟ್ ಇವುಗಳಲ್ಲಿ ಯಾವುದಾದರೊಂದರಲ್ಲಿ ಇಳಿಯಲು ಹೇಳಿ.

ರೂಮಿನ ಕೀಲಿ ಕೊಟ್ಟ ಕೂಡಲೇ ಚೀಲ ಬಿಚ್ಚಬೇಡಿ. ಹತ್ತು ನಿಮಿಷ ಪರೀಕ್ಷೆ ಮಾಡಿ. ಮೊದಲು ಎಸಿ ಹಾಕಿ, ಅದು ಓಡುತ್ತಿರಲಿ. ಸಮುದ್ರದ ಉಪ್ಪುಗಾಳಿಗೆ ಹೊರಗಿನ ಪೆಟ್ಟಿಗೆಯ ಕಾಯಿಲ್ ತುಕ್ಕು ಹಿಡಿದು ಗ್ಯಾಸ್ ಸೋರುವುದು ಇಲ್ಲಿ ಸಾಮಾನ್ಯ. ಐದು ನಿಮಿಷದಲ್ಲಿ ತಣ್ಣನೆಯ ಗಾಳಿ ಬರದಿದ್ದರೆ "ಆಮೇಲೆ ಸರಿಯಾಗುತ್ತದೆ ಸಾರ್" ಎಂಬ ಮಾತು ನಂಬಬೇಡಿ. ಒಳಗೆ ನೀರು ತೊಟ್ಟಿಕ್ಕಿದರೆ ಡ್ರೈನ್ ಪೈಪು ಕಟ್ಟಿದೆ, ಅದನ್ನು ಅವರು ಆಗಲೇ ಸರಿಮಾಡಬಲ್ಲರು. ಅಷ್ಟರಲ್ಲಿ ಹಾಸಿಗೆಯ ಬೆಡ್‌ಶೀಟು ಒಂದು ಮೂಲೆಯಲ್ಲಿ ಎತ್ತಿ ಹೊಲಿಗೆಯ ಸಾಲನ್ನೂ ಮಂಚದ ತಲೆಯ ಹಿಂಬದಿಯನ್ನೂ ಮೊಬೈಲ್ ಟಾರ್ಚಿನಲ್ಲಿ ನೋಡಿ. ಮಸಿಯ ಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ತಿಗಣೆ. ಆಗ ರೂಮು ಬದಲಿಸಿ, ಪಕ್ಕದ ರೂಮು ಬೇಡ, ಬೇರೆ ಮಹಡಿಯದು ಕೇಳಿ, ತಿಗಣೆ ಗೋಡೆಯ ಸಂದಿನಲ್ಲೇ ಪಕ್ಕಕ್ಕೆ ಹೋಗುತ್ತದೆ. ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಮೂರು ನಿಮಿಷ ಬಿಡಿ, ಪೈಪು ಉದ್ದವಾದ್ದರಿಂದ ಮೊದಲು ತಣ್ಣೀರೇ ಬರುತ್ತದೆ. ಫ್ಲಶ್, ಬಾಗಿಲ ಚಿಲಕ, ಮಂಚದ ಪಕ್ಕದ ಪ್ಲಗ್ಗು ನೋಡಿ. ಮೊದಲೇ ಇರುವ ಕಲೆ, ಒಡಕಿನ ಫೋಟೊ ತೆಗೆದಿಡಿ, ಡಿಪಾಸಿಟ್ ವಾಪಸಿನ ಹೊತ್ತಿಗೆ ಬೇಕಾಗುತ್ತದೆ.

ಊಟಕ್ಕೆ ಫೋರ್ಟಿನಲ್ಲಿ ನಮ್ಮವರಿಗೆ ಕೊರತೆಯಿಲ್ಲ. ಮೀನು ತಿನ್ನುವವರಿಗೆ ಮಹೇಶ್ ಲಂಚ್ ಹೋಮ್, ಅಪೂರ್ವ ಎರಡೂ ಮಂಗಳೂರು ಅಡುಗೆಯವು. ಬಾಳೆಯೆಲೆಯ ಸಸ್ಯಾಹಾರಿ ಊಟವೇ ಬೇಕೆನ್ನುವ ಹಿರಿಯರನ್ನು ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ಲಿನಲ್ಲಿ ಮಾಟುಂಗಾಕ್ಕೆ ಕರೆದೊಯ್ಯಿರಿ. ಸ್ಟೇಷನ್ ಪಕ್ಕದಲ್ಲೇ 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಭಾನುವಾರವಾದರೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಹೊತ್ತು) ನೋಡಿಕೊಂಡು ಹೊರಡಿ. ಹೋಟೆಲಿನ ರೆಸ್ಟೋರೆಂಟಿನ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದು 2022ರ ಜುಲೈನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ದಿನ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಕೆಲವನ್ನು ತಪ್ಪಿಸಿ. ಡಿಸೆಂಬರ್ 6ರ ಆಸುಪಾಸಿಗೆ ಅಂಬೇಡ್ಕರ್ ಸ್ಮಾರಕವಾದ ಚೈತ್ಯಭೂಮಿಗೆ ಬರುವ ಜನರಿಂದ ದಾದರ್ ತುಂಬಿರುತ್ತದೆ. ಅನಂತ ಚತುರ್ದಶಿಯಂದು ಗಿರ್ಗಾಂವ್ ಚೌಪಾಟಿಯ ಕಡೆ ರಸ್ತೆಗಳು ಮುಚ್ಚುತ್ತವೆ. ಜನವರಿಯಲ್ಲಿ ನಡೆಯುವ ಮುಂಬೈ ಮ್ಯಾರಥಾನ್ ಸಿಎಸ್‌ಎಂಟಿ ಎದುರಿನಿಂದಲೇ ಹೊರಡುವುದರಿಂದ ಆ ಭಾನುವಾರ ಬೆಳಿಗ್ಗೆ ಟ್ಯಾಕ್ಸಿ ಹೋಟೆಲಿನವರೆಗೆ ಬರುವುದು ಕಷ್ಟ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕೊಲಾಬಾದ ದರ ಏರಿಯೇ ಇರುತ್ತದೆ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲು ತೋರಿಸಲು ಹೇಳಿ. ತಪ್ಪಿದ್ದರೆ ಆಗ ತಿದ್ದಿಸಲು ಸಮಯವಿರುತ್ತದೆ, ಬೆಳಿಗ್ಗೆ ಟ್ಯಾಕ್ಸಿ ಕಾಯುತ್ತಿರುವಾಗ ಇರುವುದಿಲ್ಲ. ಚೆಕ್‌ಔಟ್ ಕೆಲವು ಕಡೆ ಹತ್ತಕ್ಕೇ ಇರುತ್ತದೆ. ರೈಲು ಸಂಜೆಯದಾದರೆ ರೂಮು ಬಿಟ್ಟು ಚೀಲವನ್ನು ಚೀಟಿ ಕಟ್ಟಿಸಿ ರಿಸೆಪ್ಷನ್ನಿನಲ್ಲಿಡಿ. ಒಡವೆ, ಹಣ, ಔಷಧಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಸಂಜೆಯ ಟ್ರಾಫಿಕ್ಕಿನಲ್ಲಿ ಫೋರ್ಟಿನಿಂದ ಎಲ್‌ಟಿಟಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬೆಳಗಿನ ವಿಮಾನವಾದರೆ ಮೆಟ್ರೊ ಶುರುವಾಗುವುದೇ ಆರರ ಆಸುಪಾಸಿಗೆ, ಟ್ಯಾಕ್ಸಿಯನ್ನು ರಾತ್ರಿಯೇ ಗೊತ್ತುಮಾಡಬೇಕು. ಹತ್ತುವಾಗ ಟಿಕೆಟ್ಟಿನಲ್ಲಿ ಟಿ1 ಇದೆಯೋ ಟಿ2 ಇದೆಯೋ ಓದಿ ಡ್ರೈವರಿಗೆ ಹೇಳಿ, ಎರಡರ ಬಾಗಿಲೂ ಬೇರೆ ಬೇರೆ ರಸ್ತೆಯಲ್ಲಿವೆ.