ಆಯ್ಕೆ ನೋಡುವ ಮೊದಲು ಒಂದು ವಾಕ್ಯ: ಪದ ಸಂಬಂಧದ ಪ್ರಶ್ನೆಗಳಲ್ಲಿ ನನ್ನ ಅನುಭವ

ಪದ ಸಂಬಂಧದ ಪ್ರಶ್ನೆ ಅಂದರೆ ಮೊದಲ ಎರಡು ಪದಗಳ ನಡುವೆ ಇರುವ ಸಂಬಂಧವೇ ಮೂರನೇ ಪದಕ್ಕೆ ಯಾವ ಪದದ ಜೊತೆ ಇದೆ ಅಂತ ಹುಡುಕುವುದು. ಇದಕ್ಕೆ ನನ್ನ ಹತ್ತಿರ ಇರುವುದು ಒಂದೇ ಉಪಾಯ. ನಾಲ್ಕು ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಮೊದಲ ಎರಡು ಪದ ಸೇರಿಸಿ ಒಂದು ವಾಕ್ಯ ಮಾಡಿಕೊಳ್ಳುತ್ತೇನೆ, ಅದೇ ವಾಕ್ಯಕ್ಕೆ ಮೂರನೇ ಪದ ಹಾಕಿ ಜೊತೆಗೆ ಏನು ಬರಬೇಕು ಅಂತ ಯೋಚಿಸಿ, ಆಮೇಲಷ್ಟೇ ಕೈ ತೆಗೆಯುತ್ತೇನೆ. (ಕಂಪ್ಯೂಟರ್ ಪರೀಕ್ಷೆಯಲ್ಲಿ ಕಣ್ಣನ್ನೇ ಕಟ್ಟಿಹಾಕಬೇಕು, ಅದು ಸ್ವಲ್ಪ ಕಷ್ಟ.) ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಹಳೇ ಗೈಡೊಂದನ್ನು ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡಿದ್ದೆ, ಅದರಿಂದ ಕಲಿತದ್ದು ಇದು. ಜಿಆರ್‌ಇಯಲ್ಲಿ 2011ರಿಂದ ಈ ಪ್ರಶ್ನೆಗಳಿಲ್ಲ, ಅಲ್ಲಿನ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯವರು 2005ರಲ್ಲೇ ಬಿಟ್ಟರು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಕನ್ನಡ ಪತ್ರಿಕೆಯಿಂದ ಹಿಡಿದು ಕೇಂದ್ರ ಸರ್ಕಾರಿ ನೌಕರಿಗೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಯ ರೀಸನಿಂಗ್ (ತರ್ಕ) ವಿಭಾಗದವರೆಗೆ ಬರುತ್ತಲೇ ಇವೆ, ಹಾಗಾಗಿ ಗೈಡಿನ ದುಡ್ಡು ದಂಡವಾಗಲಿಲ್ಲ.

ಉಡುಪಿಯಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅಭ್ಯಾಸ ಶುರು. ಪುಸ್ತಕ ಬೇಡ, ಕಣ್ಣಿಗೆ ಬಿದ್ದದ್ದರಲ್ಲೇ ಜೋಡಿ ಕಟ್ಟುವುದು. ಮೀನುಗಾರ : ಬಲೆ :: ರೈತ : ? ಅಂದರೆ ಮೀನುಗಾರನಿಗೆ ಬಲೆ ಇದ್ದ ಹಾಗೆ ರೈತನಿಗೆ ಏನು? ಸುಲಭ ಅಲ್ವಾ? ಆದರೆ ಆಯ್ಕೆಗಳು ಹೊಲ, ಭತ್ತ, ಎತ್ತು, ನೇಗಿಲು ಅಂತ ಇಟ್ಟುಕೊಳ್ಳಿ. 'ಮೀನುಗಾರನಿಗೆ ಬಲೆ ಬೇಕು' ಅಂದರೆ ರೈತನಿಗೆ ನಾಲ್ಕೂ ಬೇಕು! ವಾಕ್ಯ ಸಡಿಲವಾಯಿತು. 'ಮೀನುಗಾರ ಬಲೆಯಿಂದ ಕೆಲಸ ಮಾಡುತ್ತಾನೆ' ಅಂದರೆ ಹೊಲ, ಭತ್ತ ಹೋಗುತ್ತವೆ, ಎತ್ತು ಹೋಗುವುದಿಲ್ಲ. 'ಮೀನುಗಾರನ ಸಲಕರಣೆ ಬಲೆ' ಅಂತ ಬಿಗಿ ಮಾಡಿದರೆ ಎತ್ತೂ ಹೊರಗೆ. ನೇಗಿಲು ಉಳಿಯಿತು.

ಜಾಸ್ತಿ ಜನ ಅಂಕ ಕಳೆದುಕೊಳ್ಳುವುದು ಪದ ಗೊತ್ತಿಲ್ಲದೆ ಅಲ್ಲ, ಈ ಬಿಗಿ ಮಾಡುವ ಕೆಲಸ ಬಿಟ್ಟು ಅಂತ ನನಗನ್ನಿಸುತ್ತದೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಬರುವ ಈ ನಮೂನೆ ನೋಡಿ. ಪಕ್ಷಿ : ಹಕ್ಕಿ :: ಪುಸ್ತಕ : ? 'ಎರಡರ ಅರ್ಥವೂ ಒಂದೇ' ಅಂತ ಹೊರಟರೆ ಗ್ರಂಥ ಅಂತಲೂ ಬರೆಯಬಹುದು. ಆದರೆ ಪಕ್ಷಿಯ ತದ್ಭವ ಹಕ್ಕಿ, ಸಂಸ್ಕೃತದ ಪದವೇ ಕನ್ನಡದ ಬಾಯಲ್ಲಿ ರೂಪ ಬದಲಿಸಿದ್ದು. ಆ ವಾಕ್ಯಕ್ಕೆ ಹೊಂದುವುದು ಹೊತ್ತಗೆ ಒಂದೇ. ಪಕ್ಕದ ಮನೆಯ ಹುಡುಗಿಗೆ ಇದನ್ನು ಹೇಳಿಕೊಟ್ಟೆ. 'ಹಾಗಾದ್ರೆ ಕಾರ್ಯಕ್ಕೆ ಕಜ್ಜ ಅಲ್ವಾ ಅಣ್ಣ?' ಅಂತ ಅವಳೇ ಮುಂದುವರಿಸಿದಳು.

ಇನ್ನೊಂದು, ದಿಕ್ಕು. ಹೆಂಚು : ಜೇಡಿಮಣ್ಣು :: ಬೆಲ್ಲ : ? ಇಲ್ಲಿ ಪಾಯಸ ಅನ್ನುವ ಆಯ್ಕೆ ಸುಮ್ನೆ ಇಟ್ಟದ್ದಲ್ಲ. ಬೆಲ್ಲದಿಂದ ಪಾಯಸ ಆಗುತ್ತದೆ ನಿಜ, ಆದರೆ ನಮ್ಮ ವಾಕ್ಯ 'ಹೆಂಚು ಆಗುವುದು ಜೇಡಿಮಣ್ಣಿನಿಂದ' ಅಂತ ಇದೆ. ಬೆಲ್ಲ ಆಗುವುದು ಕಬ್ಬಿನಿಂದ. ವಾಕ್ಯವನ್ನು ಯಾವಾಗಲೂ ಮೊದಲ ಪದದಿಂದಲೇ ಶುರು ಮಾಡಿದರೆ ಈ ಗೊಂದಲ ಅರ್ಧಕ್ಕರ್ಧ ತಪ್ಪುತ್ತದೆ. ಪ್ರಮಾಣದ ಜೋಡಿಗಳಿಗೂ ಇದೇ ಮಾತು. ತುಂತುರು : ಜಡಿಮಳೆ ಅಂದರೆ ಕಡಿಮೆಯಿಂದ ಜಾಸ್ತಿಗೆ ಹೋಗುವುದು, ಆದ್ದರಿಂದ ತಂಗಾಳಿಗೆ ಬಿರುಗಾಳಿ. ನಮ್ಮ ತುಳುನಾಡಿನಲ್ಲಿ ಮಳೆ ಜೋರಾಗಿ ಸುರಿಯುವ ಆಟಿ ತಿಂಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ಮೊದಲ ಜೋಡಿಯಲ್ಲೇ ಒಂದು ಪದ ಗೊತ್ತಿಲ್ಲ ಅಂದರೆ? ಆಗ ಹಿಂದಿನಿಂದ ಬರುತ್ತೇನೆ. ಮೂರನೇ ಪದವನ್ನು ಒಂದೊಂದು ಆಯ್ಕೆಯ ಜೊತೆ ಸೇರಿಸಿ ವಾಕ್ಯ ಮಾಡಿದರೆ, ಸರಿಯಾದ ಸಂಬಂಧವೇ ಇಲ್ಲದ ಒಂದೆರಡು ತಾನಾಗಿಯೇ ಉದುರುತ್ತವೆ. ಎಸ್‌ಎಸ್‌ಸಿಯವರು ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ, ಕೂತು ಕೊರೆಯಲು ಹೊತ್ತಿಲ್ಲ. ಸರಿಯಾದರೆ 2 ಅಂಕ, ತಪ್ಪಾದರೆ 0.50 ಕಟ್. ಹಾಗಾಗಿ ಎರಡು ಆಯ್ಕೆ ಉಳಿದರೂ ಒಂದನ್ನು ಒತ್ತಿ ಮುಂದೆ ಹೋಗುತ್ತೇನೆ, ನಾಲ್ಕೂ ಹಾಗೇ ಉಳಿದರೆ ಬಿಟ್ಟುಬಿಡುತ್ತೇನೆ.