ಪ್ರೋಬ್ ಯಾರ ಕೈಯಲ್ಲಿದೆ?

"ನಿನ್ನ ಅಕ್ಷರ ಮುದ್ದಾಗಿದೆ, ರೀಡಿಂಗ್ಸ್ ನೀನೇ ಬರ್ಕೋ." ನಾಲ್ಕು ಜನರ ಲ್ಯಾಬ್ ಬ್ಯಾಚಿನಲ್ಲಿ ಹುಡುಗಿ ಒಬ್ಬಳೇ ಇದ್ದರೆ ಈ ಮಾತು ಮೊದಲ ವಾರವೇ ಬರುತ್ತದೆ. ಹೊಗಳಿಕೆಯ ಹಾಗೆ ಕೇಳಿಸುತ್ತದಲ್ಲ, ಅದೇ ತೊಂದರೆ. ಆರನೇ ಸೆಮ್ ಹೊತ್ತಿಗೆ ಅವಳ ಹತ್ತಿರ ಅಂದವಾದ ರೆಕಾರ್ಡ್‌ಗಳ ಕಟ್ಟು ಇರುತ್ತದೆ, ಸಿಆರ್‌ಒದಲ್ಲಿ (ವೋಲ್ಟೇಜನ್ನು ತೆರೆಯ ಮೇಲೆ ಅಲೆಯಾಗಿ ತೋರಿಸುವ ಸ್ಕೋಪ್) ಅಲೆ ನಿಲ್ಲಿಸುವ ಟ್ರಿಗರ್ ನಾಬ್ ಮಾತ್ರ ಮುಟ್ಟಿ ಗೊತ್ತಿರುವುದಿಲ್ಲ. ವಿಟಿಯು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ನಾನು ಹಿಡಿದ, ಈಗ ಲ್ಯಾಬಿಗೆ ಬರುವ ಹುಡುಗಿಯರಿಗೂ ಹೇಳುವ ದಾರಿ ಇದು.

ಮೊದಲ ದಿನವೇ ಪಾಳಿ ಹಾಕಿ. 12 ಪ್ರಯೋಗ, ನಾಲ್ಕು ಜನ ಅಂದರೆ ತಲಾ ಮೂರು ಸಲ ಸರ್ಕ್ಯೂಟ್ ಕಟ್ಟುವ ಸರದಿ. ರಫ್ ಬುಕ್ಕಿನ ಮೊದಲ ಪುಟದಲ್ಲೇ ಹೆಸರು ಸಮೇತ ಬರೆದುಬಿಡಿ. ಪಾಳಿ ಮುರಿಯುವುದು ಸರ್ಕ್ಯೂಟ್ ಕೈಕೊಟ್ಟಾಗ. "ಸರಿ ನಾನ್ ನೋಡ್ತೀನಿ, ಟೈಮಿಲ್ಲ" ಅಂತ ಯಾರಾದರೂ ವೈರ್ ಕಿತ್ತುಕೊಳ್ಳುತ್ತಾರೆ. ಕಲಿಕೆಯೆಲ್ಲ ಇರುವುದು ಆ ಹದಿನೈದು ನಿಮಿಷದಲ್ಲೇ. ಹಾಗಾಗಿ ಒಂದೇ ನಿಯಮ: ಸರದಿ ಇದ್ದವರದು ಮಾತ್ರ ಕೈ, ಉಳಿದವರದು ಬಾಯಿ.

ಆ ಹದಿನೈದು ನಿಮಿಷ ಗಾಬರಿಯಾಗದಿರಲು ಹುಡುಕುವ ಕ್ರಮ ಮೊದಲೇ ಗೊತ್ತಿರಬೇಕು. 741 ಎಂಬ ಆಪ್-ಆಂಪ್ ಐಸಿಯ ಇನ್‌ವರ್ಟಿಂಗ್ ಆಂಪ್ಲಿಫೈಯರ್, ಅಂದರೆ ಸಿಗ್ನಲನ್ನು ತಲೆಕೆಳಗು ಮಾಡಿ ಹಿಗ್ಗಿಸುವ ಸರ್ಕ್ಯೂಟ್ ತೆಗೆದುಕೊಳ್ಳಿ: 1 ಕೆ ಮತ್ತು 10 ಕೆ ರೆಸಿಸ್ಟರ್, ಗೇನ್ (ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) 10, ಸಪ್ಲೈ ಪ್ಲಸ್-ಮೈನಸ್ 12 ವೋಲ್ಟ್. ಔಟ್‌ಪುಟ್ ಹೋಗಿ 11 ವೋಲ್ಟ್ ಆಸುಪಾಸು ಅಂಟಿಕೊಂಡು ಕೂತಿದ್ದರೆ ಐಸಿಯನ್ನು ಬಯ್ಯುವ ಮೊದಲು ಮಲ್ಟಿಮೀಟರ್ ತೆಗೆದು 7ನೇ ಪಿನ್ನಿನಲ್ಲಿ ಪ್ಲಸ್ 12, 4ರಲ್ಲಿ ಮೈನಸ್ 12 ಇದೆಯಾ ನೋಡಿ, ಬೋರ್ಡಿನ ಸಾಲಿನಲ್ಲಲ್ಲ, ಪಿನ್ನಿನ ಮೇಲೆಯೇ. ಉದ್ದ ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ಮಧ್ಯದಲ್ಲಿ ತುಂಡಾಗಿರುವುದುಂಟು, ಕೆಂಪು ಗೆರೆಯಲ್ಲಿ ಸಣ್ಣ ಖಾಲಿ ಜಾಗ ಕಾಣುತ್ತದೆ. ಅಲ್ಲೊಂದು ಜಂಪರ್ ಹಾಕದಿದ್ದರೆ ಅರ್ಧ ಬೋರ್ಡಿಗೆ ಕರೆಂಟೇ ಇಲ್ಲ. ಆಮೇಲೆ ಎರಡು ಸಪ್ಲೈಗಳ ಕಾಮನ್ ಬಿಂದು ಸರ್ಕ್ಯೂಟಿನ ಗ್ರೌಂಡಿಗೆ ಬಂದಿದೆಯಾ, ಆಮೇಲೆ 6ರಿಂದ 2ಕ್ಕೆ ಬರುವ 10 ಕೆ ಗಟ್ಟಿಯಾಗಿ ಕೂತಿದೆಯಾ. ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ವಾಪಸ್ ತರುವ ಈ ಫೀಡ್‌ಬ್ಯಾಕ್ ಬಿಟ್ಟುಹೋದರೆ ಔಟ್‌ಪುಟ್ ಅಂಟಿಕೊಳ್ಳಲೇಬೇಕು. ಎಲ್ಲ ಸರಿಯಿದ್ದೂ ಗೇನ್ 1 ಎಂದು ತೋರಿಸಿದರೆ ಸ್ಕೋಪಿನಿಂದ ಬಂದು ಸರ್ಕ್ಯೂಟಿಗೆ ಮುಟ್ಟಿಸುವ ಪ್ರೋಬಿನ ಮೇಲಿನ ಪುಟ್ಟ ಸ್ವಿಚ್ ನೋಡಿ: ಅದು ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ 10ಎಕ್ಸ್‌ನಲ್ಲಿದ್ದು, ಸ್ಕೋಪ್ 1ಎಕ್ಸ್ ಎಂದುಕೊಂಡಿರುತ್ತದೆ.

ಮಲ್ಟಿಮೀಟರ್ ಸ್ವಂತದ್ದಿರಲಿ, 500 ರೂಪಾಯಿಯೊಳಗಿನದು ಸಾಕು. ಆಂಪಿಯರ್ ಅಳೆದ ಮೇಲೆ ಕೆಂಪು ಲೀಡನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ, ಇಲ್ಲದಿದ್ದರೆ ಮುಂದಿನ ಸಲ ಸಪ್ಲೈಗೆ ಇಟ್ಟ ಕೂಡಲೇ ಶಾರ್ಟ್ ಆಗುತ್ತದೆ, ಫ್ಯೂಸೋ ಮೀಟರೋ ಹೋಗಬಹುದು. ಬೆಂಗಳೂರಿನಲ್ಲಿದ್ದರೆ ಬಿಡಿಭಾಗಕ್ಕೆ ಎಸ್.ಪಿ. ರೋಡ್ ಇದೆ. ಪಾರ್ಟ್ ನಂಬರ್ ಚೀಟಿಯಲ್ಲಿ ಬರೆದುಕೊಂಡೇ ಹೋಗಿ, "ಯಾವ್ದಾದ್ರೂ ರಿಲೇ ಕೊಡಿ" ಅಂದರೆ ಕೌಂಟರಿನವರು ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ತಪ್ಪು ಪಾರ್ಟ್ ತಂದರೂ ಬದಲಾಯಿಸಲು ಹೋಗಿಬರುವ ಖರ್ಚಿಲ್ಲ.

ವರ್ಕ್‌ಶಾಪಿನಲ್ಲಿ ದುಪಟ್ಟಾ, ಬಳೆ, ಇಳಿಬಿಟ್ಟ ಜಡೆ ಬೇಡ. ತಿರುಗುವ ಲೇತ್ ಮುಂದೆ ಗ್ಲೌಸೂ ಬೇಡ, ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ವೆಲ್ಡಿಂಗ್ ದಿನ ಹತ್ತಿಬಟ್ಟೆ, ಮುಚ್ಚಿದ ಶೂ. ಏಪ್ರನ್ ನಿಮ್ಮ ಅಳತೆಯದ್ದೇ ಕೊಳ್ಳಿ, ಜೋಲುವ ತೋಳು ದುಪಟ್ಟಾದಷ್ಟೇ ಅಪಾಯ. ಫಿಟ್ಟಿಂಗಿನಲ್ಲಿ (ಲೋಹದ ತುಂಡು ಕೊಯ್ದು, ಉಜ್ಜಿ ಜೋಡಿಸುವ ಕೆಲಸ) ಜಾಬ್ ಕೆಡುವುದು ತೋಳಿನ ಬಲ ಸಾಲದೆ ಅಲ್ಲ. ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಗೆರೆಯ ಮೇಲೇ ಕೊಯ್ಯದೆ ಫೈಲಿಂಗಿಗೆ ಒಂದು ಮಿಲಿಮೀಟರ್ ಬಿಡಬೇಕು.

ಪ್ರಾಜೆಕ್ಟಿನ ವಿಷಯ ಬೇರೆಯೇ. ಲೇಡೀಸ್ ಹಾಸ್ಟೆಲ್ ಗೇಟು ಸಂಜೆ ಬೇಗ ಬೀಳುತ್ತದೆ, ಹುಡುಗರ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೆಲಸ ನಡೆಯುತ್ತದೆ, ಬೆಳಿಗ್ಗೆ ಹೋದರೆ ನಿಮಗೆ ಉಳಿದಿರುವುದು ಪಿಪಿಟಿ. ಯಾರೂ ಬೇಕೆಂದು ಮಾಡಿದ್ದಲ್ಲ, ಗೇಟು ಮಾಡಿದ್ದು. ಇದಕ್ಕೆ ಎರಡು ಉಪಾಯ. ಕಿಟ್ ಒಂದೇ ರೂಮಿನಲ್ಲಿ ಬೇರೂರಲು ಬಿಡಬೇಡಿ, ಸೋಮವಾರದಿಂದ ಬುಧವಾರ ನಿಮ್ಮ ಹತ್ತಿರ, ಆಮೇಲೆ ಅವರ ಹತ್ತಿರ. ಕೋಡ್ ಆನ್‌ಲೈನ್ ಗಿಟ್‌ಹಬ್‌ನಲ್ಲಿರಲಿ, ಪೆನ್‌ಡ್ರೈವಿನಲ್ಲಲ್ಲ. ಇನ್ನೊಂದು, ಲ್ಯಾಬ್ ಅನುಮತಿ ಪತ್ರ. "ಪ್ರಾಜೆಕ್ಟಿಗಾಗಿ ತಡವಾಗಿ ಬರಲು ಅನುಮತಿ ನೀಡಬೇಕು" ಎಂದು ಮೊಗಮ್ಮಾಗಿ ಬರೆದರೆ ವಾರ್ಡನ್ ಒಪ್ಪುವುದು ಕಷ್ಟ. ಯಾವ ನಾಲ್ಕು ತಾರೀಖು, ಎಷ್ಟರಿಂದ ಎಷ್ಟು ಗಂಟೆ, ಯಾವ ಲ್ಯಾಬ್, ಯಾರ್‍ಯಾರು, ಬೀಗ ಹಾಕುವವರು ಯಾರು: ಇಷ್ಟು ಬರೆದು ಗೈಡ್, ಎಚ್‌ಒಡಿ ಸಹಿ ಹಾಕಿಸಿ ವಾರ ಮೊದಲೇ ಕೊಡಿ. ಸಹಿ ಹಾಕಿದವರಿಗೂ ಅದೇ ರಕ್ಷಣೆ, ಅದಕ್ಕೇ ನಡೆಯುತ್ತದೆ.

ಫೆಸ್ಟ್ ಬಂದಾಗ ರಂಗೋಲಿ, ಸ್ವಾಗತ, ನಿರೂಪಣೆ ತಾವಾಗಿ ನಿಮ್ಮ ಪಾಲಿಗೆ ಬರುತ್ತವೆ. ಇಷ್ಟವಿದ್ದರೆ ಮಾಡಿ, ನನಗೆ ರೋಬೋ ರೇಸಿನ ಟ್ರ್ಯಾಕ್ ಅಳೆಯುವುದೇ ಲೇಸು.

ದುಡ್ಡಿನ ಮಾತು. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೇ ಇರುವುದು: ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು, ಒಂದು ಮನೆಯಿಂದ ಹೆಚ್ಚೆಂದರೆ ಇಬ್ಬರಿಗೆ. ಅರ್ಜಿ ಹಾಕುವುದು ಮೊದಲ ವರ್ಷ, ಲ್ಯಾಟರಲ್ ಎಂಟ್ರಿಯವರು ಎರಡನೇ ವರ್ಷ, ಆಮೇಲೆ ಪ್ರತಿ ವರ್ಷ ನವೀಕರಣ. ಅರ್ಜಿ ಬೀಳುವುದು ಸಣ್ಣ ಸಂಗತಿಗಳಲ್ಲಿ: ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು; ಖಾತೆಗೆ ಆಧಾರ್ ಜೋಡಣೆಯಾಗಿರದಿರುವುದು; ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲನೆಯ ಗುಂಡಿ ಒತ್ತದಿರುವುದು. ಕೊನೆಯದಕ್ಕೆ ಆಫೀಸಿಗೆ ಹೋಗಿ ನಿಂತು ಒತ್ತಿಸಿಕೊಂಡೇ ಬರಬೇಕು. ಎಂ.ಟೆಕ್ ಪ್ರವೇಶಕ್ಕೆ ಬೇಕಾಗುವ ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಹೆಣ್ಣುಮಕ್ಕಳಿಗೆ ಅರ್ಧ ಶುಲ್ಕ, ಅಂಕ ಮೂರು ವರ್ಷ ನಡೆಯುತ್ತದೆ.

ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ ಲಿಖಿತ ದೂರು, ಘಟನೆಯಾದ ಮೂರು ತಿಂಗಳೊಳಗೆ. ಸಮಿತಿಯ ಸದಸ್ಯರ ಹೆಸರು ಕಾಲೇಜಿನ ಫಲಕದಲ್ಲಿರಬೇಕು, ಬೇಕಾಗುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ "ಪ್ರಾಜೆಕ್ಟಿನಲ್ಲಿ ನೀವು ಮಾಡಿದ್ದೇನು?" ಎಂಬ ಪ್ರಶ್ನೆ ಹುಡುಗಿಯರಿಗೆ ಎರಡು ಸಲ ಬರುತ್ತದೆ. ಅದಕ್ಕೆ ದಿನಕ್ಕೆ ಎರಡು ಸಾಲಿನ ಲಾಗ್‌ಬುಕ್ ಇಡಿ, ಮುಖ್ಯವಾಗಿ ಕೆಟ್ಟಿದ್ದನ್ನು ಬರೆಯಲು. "7805 (5 ವೋಲ್ಟ್ ಕೊಡುವ ರೆಗ್ಯುಲೇಟರ್) ಕೈ ಇಡಲಾಗದಷ್ಟು ಬಿಸಿ. ಇನ್‌ಪುಟ್ 12 ವೋಲ್ಟ್, ಲೋಡ್ 0.4 ಆಂಪಿಯರ್. (12 − 5) × 0.4 = 2.8 ವ್ಯಾಟ್. ಹೀಟ್‌ಸಿಂಕ್ ಹಾಕಿದೆ." ಹೀಟ್‌ಸಿಂಕಿನ ಬದಲು ಇನ್ನೇನು ಮಾಡಬಹುದಿತ್ತು ಎಂದು ಮುಂದಿನ ಪ್ರಶ್ನೆ ಬರುತ್ತದೆ. ಇನ್‌ಪುಟ್ 9 ವೋಲ್ಟಿಗೆ ಇಳಿಸಿದರೆ 1.6 ವ್ಯಾಟ್, ಕಡಿಮೆ ನಷ್ಟದಲ್ಲಿ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕಿದರೆ ಇನ್ನೂ ಕಡಿಮೆ. ಕಾಗದ ಎಳೆದುಕೊಂಡು ಲೆಕ್ಕ ಬರೆದೇ ತೋರಿಸಿ.